ಟ್ರ್ಯಾಕ್ಟರಿನ ಲೈಸೆನ್ಸು ಮತ್ತು ಮನೆಯ ಗುರುತಿನ ಚೀಟಿಗಳು
(ಬ್ಲಾಕಿನ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಗ್ರಾಮಸೇವಕ ಎದ್ದು ನಿಂತನೆಂದರೆ ಬೀಜೋಪಚಾರದ ಮಾತೋ, ಗೊಬ್ಬರದ ಮಾತೋ ಬರುತ್ತದೆಂದು ತಾವು ತಿಳಿದಿರಬಹುದು. ನಾನು ಓದಿದ್ದೂ ಕೃಷಿ ಡಿಪ್ಲೊಮಾವನ್ನೇ. ಆದರೆ ಇಂದು ಪೈರಿನ ಮಾತನ್ನು ಬದಿಗಿಟ್ಟು ಕಾಗದದ ಮಾತನ್ನು ಎತ್ತಿಕೊಂಡಿದ್ದೇನೆ. ಪೈರಿಗೆ ಬಂದ ರೋಗದಿಂದ ಒಂದು ವರ್ಷದ ಬೆಳೆ ಹೋಗಬಹುದು. ಆದರೆ ಒಂದು ಕಾಗದ ಇಲ್ಲದ್ದರಿಂದ ಜಮೀನೇ ಹೋಗುವ ಸಂದರ್ಭವೂ ಉಂಟು. ಇದು ಹೆದರಿಸುವ ಮಾತಲ್ಲ. ಹೇಗೆಂಬುದನ್ನು ವಿವರಿಸುತ್ತೇನೆ, ಕೇಳಬೇಕು.

ಈಗ ನಮ್ಮ ಹಳ್ಳಿಗಳಲ್ಲಿ ಟ್ರ್ಯಾಕ್ಟರು ಇಲ್ಲದ ಬೀದಿಯಿಲ್ಲ, ಬೈಕು ಇಲ್ಲದ ಮನೆ ಅಪರೂಪ. ಉಳುವುದು, ಗೊಬ್ಬರ ಹೊಡೆಯುವುದು, ಕಬ್ಬು ಸಾಗಿಸುವುದು, ಸಂತೆಗೆ ಮಾಲು ಹಾಕುವುದು ಎಲ್ಲವೂ ಟ್ರ್ಯಾಕ್ಟರಿನಿಂದಲೇ. ಆದರೆ ಅದರ ಮೇಲೆ ಕುಳಿತವನ ಜೇಬಿನಲ್ಲಿ ಲೈಸೆನ್ಸು ಇದೆಯೆ ಎಂದು ಕೇಳುವವರು ಕಡಿಮೆ. ಹಿರಿಯರೊಬ್ಬರು ಮೊನ್ನೆ ನನಗೆ ಹೇಳಿದರು: "ಏನು ಸ್ವಾಮಿ, ನಮ್ಮ ಹೊಲ, ನಮ್ಮ ಟ್ರ್ಯಾಕ್ಟರು. ನಮ್ಮ ಮಗ ಹೊಡೆಯುತ್ತಾನೆ. ಎತ್ತಿನ ಗಾಡಿಗೆ ಯಾರು ಲೈಸೆನ್ಸು ಕೇಳಿದ್ದರು?"

ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. 1988ರ ಮೋಟಾರು ವಾಹನ ಕಾಯಿದೆಯು ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನ ನಡೆಸುವವನಿಗೆ ಲೈಸೆನ್ಸು ಇರಲೇಬೇಕೆಂದು ಹೇಳುತ್ತದೆ. ಆದರೆ ಹೊಲದಲ್ಲಿಯೇ ಹುಟ್ಟಿ ಹೊಲದಲ್ಲಿಯೇ ನಿಲ್ಲುವ ಟ್ರ್ಯಾಕ್ಟರು ಯಾವುದಿದೆ? ಮನೆಯಿಂದ ಹೊಲಕ್ಕೆ ಹೋಗುವಾಗ ಊರ ಬೀದಿಯನ್ನು ದಾಟಬೇಕು, ಡಾಂಬರು ರಸ್ತೆಯನ್ನು ಹಿಡಿಯಬೇಕು. ಅಲ್ಲಿ ಕಾಯಿದೆ ಬಂದೇ ಬರುತ್ತದೆ. ಎತ್ತುಗಳಾದರೆ ಎದುರಿಗೆ ಮಗು ಬಂದರೆ ತಾವೇ ನಿಲ್ಲುತ್ತವೆ. ಇಂಜಿನ್ನಿಗೆ ಆ ಬುದ್ಧಿಯಿಲ್ಲ. ಅದನ್ನು ನಡೆಸುವವನಿಗೇ ಆ ಬುದ್ಧಿ ಇದೆಯೆಂದು ಪರೀಕ್ಷಿಸಿ ಕೊಡುವ ಪತ್ರವೇ ಲೈಸೆನ್ಸು.

ಜಮೀನಿನ ಮಾತು

ಮೊದಲು ಹೇಳಿದ ಜಮೀನಿನ ಮಾತಿಗೆ ಬರುತ್ತೇನೆ. ಒಬ್ಬ ರೈತನ ಟ್ರ್ಯಾಕ್ಟರು ರಸ್ತೆಯಲ್ಲಿ ಒಬ್ಬ ದಾರಿಹೋಕನಿಗೆ ತಗಲಿತೆಂದು ಇಟ್ಟುಕೊಳ್ಳೋಣ. ವಿಮೆ ಚಾಲ್ತಿಯಲ್ಲಿದೆ. ಆದರೆ ನಡೆಸುತ್ತಿದ್ದವನಿಗೆ ಲೈಸೆನ್ಸಿಲ್ಲ. ನೊಂದವರು ನ್ಯಾಯಮಂಡಳಿಗೆ ಹೋಗುತ್ತಾರೆ, ಪರಿಹಾರದ ಆಜ್ಞೆಯಾಗುತ್ತದೆ. ವಿಮಾ ಕಂಪನಿಯವರು ಹಣ ಕಟ್ಟುತ್ತಾರಲ್ಲ, ನಮಗೇನು ಎಂದು ಸುಮ್ಮನಿರುವ ಹಾಗಿಲ್ಲ. 2004ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಾಧೀಶರ ಪೀಠವು ಇಂಥ ಮೊಕದ್ದಮೆಗಳ ದಾರಿಯನ್ನು ಸ್ಪಷ್ಟಪಡಿಸಿತು. ನೊಂದವನು ಬರಿಗೈಯಲ್ಲಿ ಹೋಗಬಾರದು, ಆದ್ದರಿಂದ ಕಂಪನಿ ಅವನಿಗೆ ಹಣ ಕೊಡಬೇಕಾಗಬಹುದು. ಆದರೆ ಲೈಸೆನ್ಸಿಲ್ಲದವನ ಕೈಗೆ ಗಾಡಿ ಕೊಟ್ಟದ್ದು ಮಾಲೀಕನ ತಪ್ಪೆಂದು ರುಜುವಾತಾದರೆ, ಕೊಟ್ಟ ಹಣವನ್ನು ಕಂಪನಿಯು ಮಾಲೀಕನಿಂದಲೇ ವಸೂಲು ಮಾಡಿಕೊಳ್ಳಬಹುದು. ಒಂದು ಜೀವ ಹೋದಾಗ ಪರಿಹಾರ ಲಕ್ಷಗಳಲ್ಲಿರುತ್ತದೆ. ಅಷ್ಟು ಹಣ ರೈತನ ಹತ್ತಿರ ಎಲ್ಲಿಂದ ಬರಬೇಕು? ಪಹಣಿಯಲ್ಲಿರುವ ಎಕರೆಗಳಿಂದಲೇ ಬರಬೇಕು. ಲೈಸೆನ್ಸು ಮಾಡಿಸಲು ಬೇಸರಪಟ್ಟ ಎರಡು ದಿನಗಳು ಹೀಗೆ ಜಮೀನಿನ ಬೆಲೆಗೆ ಸಮವಾಗುತ್ತವೆ.

ಇದೇ ತೀರ್ಪಿನಿಂದ ಇನ್ನೊಂದು ಪಾಠವೂ ಉಂಟು. ಟ್ರ್ಯಾಕ್ಟರಿಗೆ ಆಳನ್ನು ಇಟ್ಟುಕೊಳ್ಳುವವರು ಅವನ ಲೈಸೆನ್ಸನ್ನು ಕಣ್ಣಾರೆ ನೋಡಿ, ಅದರ ಜೆರಾಕ್ಸ್ ಪ್ರತಿಯನ್ನು ಇಟ್ಟುಕೊಳ್ಳಬೇಕು. ತಕ್ಕ ಎಚ್ಚರಿಕೆ ವಹಿಸಿದ ಮಾಲೀಕನ ಸ್ಥಿತಿ ಬೇರೆ, ಕೇಳದೆಯೇ ಬೀಗದಕೈ ಕೊಟ್ಟವನ ಸ್ಥಿತಿ ಬೇರೆ.

ದಂಡದ ವಿಷಯವನ್ನೂ ಹೇಳಿಬಿಡುತ್ತೇನೆ. ಕಾಯಿದೆಗೆ 2019ರಲ್ಲಿ ತಿದ್ದುಪಡಿಯಾಯಿತು. ಅದರ ಪ್ರಕಾರ ಲೈಸೆನ್ಸಿಲ್ಲದೆ ನಡೆಸಿದವನಿಗೆ 5000 ರೂಪಾಯಿ ದಂಡ, ಇಲ್ಲವೆ ಮೂರು ತಿಂಗಳವರೆಗೆ ಸಜೆ, ಇಲ್ಲವೆ ಎರಡೂ ಆಗಬಹುದು. ಅವನಿಗೆ ಗಾಡಿ ಕೊಟ್ಟ ಮಾಲೀಕನಿಗೂ ಬೇರೆ ಕಲಮಿನಲ್ಲಿ ಶಿಕ್ಷೆಯಿದೆ.

ಮಕ್ಕಳ ಕೈಗೆ ಗಾಡಿ ಬೇಡ

ತಾಯಂದಿರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು. ಹದಿನಾಲ್ಕು, ಹದಿನೈದು ವರ್ಷದ ಹುಡುಗ ಟ್ರ್ಯಾಕ್ಟರು ತಿರುಗಿಸಿದನೆಂದರೆ ನಮಗೆ ಹೆಮ್ಮೆ. ಆದರೆ ಕಾಯಿದೆಯಲ್ಲಿ ಟ್ರ್ಯಾಕ್ಟರಿಗೂ ಗೇರಿನ ಬೈಕಿಗೂ 18 ವರ್ಷ ತುಂಬಿರಬೇಕು. 16 ತುಂಬಿದವರಿಗೆ 50 ಸಿ.ಸಿ. ಮೀರದ, ಗೇರಿಲ್ಲದ ದ್ವಿಚಕ್ರ ವಾಹನಕ್ಕೆ ಮಾತ್ರ ಅವಕಾಶ. ಬಾಡಿಗೆ ವಾಹನಗಳಿಗೆ 20 ವರ್ಷ ಆಗಿರಬೇಕು.

ವಯಸ್ಸಾಗದ ಹುಡುಗ ರಸ್ತೆಯಲ್ಲಿ ಗಾಡಿ ನಡೆಸಿ ತಪ್ಪು ಮಾಡಿದರೆ 2019ರ ತಿದ್ದುಪಡಿಯಂತೆ ಪೋಷಕನೋ ಮಾಲೀಕನೋ ಹೊಣೆಗಾರನಾಗುತ್ತಾನೆ. ತನಗೆ ತಿಳಿಯದೆ ನಡೆಯಿತೆಂದು ಅವನೇ ರುಜುವಾತುಪಡಿಸಬೇಕು. ಇಲ್ಲದಿದ್ದರೆ ಮೂರು ವರ್ಷದವರೆಗೆ ಸಜೆ ಮತ್ತು 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದಾಗುತ್ತದೆ. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸು ದೊರೆಯುವುದಿಲ್ಲ. ದುಡಿಯುವ ವಯಸ್ಸಿನ ಏಳು ವರ್ಷ ಅವನ ಕೈ ಕಟ್ಟಿಹಾಕಿದಂತಾಗುತ್ತದೆ. ಮಗನ ಮೇಲಿನ ಪ್ರೀತಿಯಿಂದಲೇ ಮಗನಿಗೆ ಬೀಗದಕೈ ಕೊಡಬೇಡಿರಿ.

ಲೈಸೆನ್ಸು ಪಡೆಯುವ ಕ್ರಮ

ಇದರಲ್ಲಿ ಎರಡು ಹಂತಗಳು. ಮೊದಲನೆಯದು ಕಲಿಯುವವರ ಲೈಸೆನ್ಸು. ಇದನ್ನು ಜನ ಎಲ್.ಎಲ್. ಎನ್ನುತ್ತಾರೆ. ಎರಡನೆಯದು ಪಕ್ಕಾ ಲೈಸೆನ್ಸು, ಅಂದರೆ ಡಿ.ಎಲ್.

ಅರ್ಜಿಯನ್ನು ಕೇಂದ್ರ ಸಾರಿಗೆ ಇಲಾಖೆಯ ಪರಿವಾಹನ್ ಜಾಲತಾಣದ ಸಾರಥಿ ವಿಭಾಗದಲ್ಲಿ ತುಂಬಬೇಕು. ಮೊಬೈಲಿನಲ್ಲಿ ತುಂಬಲು ಬಾರದವರು ಓದಿದ ಹುಡುಗರ ನೆರವು ಪಡೆಯಬಹುದು, ಸೇವಾ ಕೇಂದ್ರಕ್ಕೂ ಹೋಗಬಹುದು. ವಯಸ್ಸಿನ ದಾಖಲೆ, ವಿಳಾಸದ ದಾಖಲೆ ಬೇಕು. ದೇಹಸ್ಥಿತಿ ಸರಿಯಾಗಿದೆಯೆಂದು ತಾವೇ ಘೋಷಿಸುವ 1ನೆಯ ನಮೂನೆ ಬೇಕು. ನಲವತ್ತು ದಾಟಿದವರಿಗೆ ವೈದ್ಯರು ಬರೆದುಕೊಡುವ 1-ಎ ನಮೂನೆ ಬೇಕಾಗುತ್ತದೆ. ತಾವು ವಾಸಿಸುವ ರಾಜ್ಯದ ಯಾವ ಪ್ರಾದೇಶಿಕ ಸಾರಿಗೆ ಕಛೇರಿಗಾದರೂ ಅರ್ಜಿ ಹಾಕಬಹುದೆಂದು 2019ರ ತಿದ್ದುಪಡಿ ಅವಕಾಶ ಕೊಟ್ಟಿದೆ.

ಎಲ್.ಎಲ್.ಗೆ ಒಂದು ಪರೀಕ್ಷೆಯಿದೆ. ರಸ್ತೆಯ ಗುರುತುಗಳು, ಚಾಲಕನ ಕರ್ತವ್ಯಗಳು, ಗೇಟು ದಾಟುವಾಗಿನ ಎಚ್ಚರಿಕೆ ಇಂಥವನ್ನು ಕೇಳುತ್ತಾರೆ. ನೂರಕ್ಕೆ ಅರವತ್ತು ಉತ್ತರ ಸರಿಯಿದ್ದರೆ ತೇರ್ಗಡೆ. ಟ್ರ್ಯಾಕ್ಟರು, ಬೈಕುಗಳಿಗೆ ಇಷ್ಟನೆಯ ತರಗತಿ ಓದಿರಬೇಕೆಂಬ ನಿಯಮವಿಲ್ಲ. ಆದ್ದರಿಂದ ಶಾಲೆಗೆ ಹೋಗಲಿಲ್ಲವೆಂದು ಯಾರೂ ಹಿಂಜರಿಯಬಾರದು. ರಸ್ತೆ ಗುರುತುಗಳ ಪಟವನ್ನು ಮನೆಯ ಗೋಡೆಗೆ ಅಂಟಿಸಿ ಮಕ್ಕಳಿಂದ ಹೇಳಿಸಿಕೊಂಡರೆ ಒಂದು ವಾರದಲ್ಲಿ ಬಾಯಿಪಾಠವಾಗುತ್ತದೆ.

ಎಲ್.ಎಲ್.ಗೆ ಆರು ತಿಂಗಳ ಅವಧಿ. ಈ ಅವಧಿಯಲ್ಲಿ ಗಾಡಿಯ ಮುಂದೆಯೂ ಹಿಂದೆಯೂ ಬಿಳಿಯ ಹಲಗೆಯ ಮೇಲೆ ಕೆಂಪು ಬಣ್ಣದ 'ಎಲ್' ಅಕ್ಷರ ಇರಬೇಕು. ಬೈಕು ಬಿಟ್ಟು ಬೇರೆ ವಾಹನವಾದರೆ, ಲೈಸೆನ್ಸುಳ್ಳ ಒಬ್ಬರು ಗಾಡಿಯನ್ನು ನಿಲ್ಲಿಸಲು ಅನುಕೂಲವಾದ ಕಡೆ ಜೊತೆಗೆ ಕುಳಿತಿರಬೇಕು. ಎಲ್.ಎಲ್. ಬಂದ ದಿನವೇ ಕಬ್ಬು ತುಂಬಿದ ಟ್ರಾಲಿಯನ್ನು ಕಟ್ಟಿಕೊಂಡು ಒಬ್ಬನೇ ಹೊರಡುವುದು ಕಾಯಿದೆಗೂ ವಿರುದ್ಧ, ವಿವೇಕಕ್ಕೂ ವಿರುದ್ಧ.

ಎಲ್.ಎಲ್. ಬಂದು ಮೂವತ್ತು ದಿನಗಳಾದ ಮೇಲೆ, ಅದರ ಅವಧಿ ಮುಗಿಯುವುದರೊಳಗೆ, ಗಾಡಿ ನಡೆಸಿ ತೋರಿಸುವ ಪರೀಕ್ಷೆಗೆ ಹೋಗಬೇಕು. ಗಾಡಿಯನ್ನು ನಾವೇ ಒಯ್ಯಬೇಕು. ಅದರ ನೋಂದಣಿ ಪತ್ರ, ವಿಮೆ ಚಾಲ್ತಿಯಲ್ಲಿರಬೇಕು. ಒಂದು ಸಲ ಆಗಲಿಲ್ಲವೆಂದರೆ ಏಳು ದಿನ ಕಳೆದು ಮತ್ತೆ ಹೋಗಬಹುದು. ಮೂರು ಸಲವೂ ಆಗದಿದ್ದರೆ ಅರವತ್ತು ದಿನ ಕಾಯಬೇಕು. ಅದರಲ್ಲಿ ಅವಮಾನವೇನೂ ಇಲ್ಲ. ಮೊದಲ ಸಾಲೇ ನೇರವಾಗಿ ಹೊಡೆದ ಉಳುವವನು ಯಾರಿದ್ದಾನೆ?

ಶುಲ್ಕದ ಲೆಕ್ಕ ತಿಳಿದಿದ್ದರೆ ಯಾರೂ ನಮ್ಮನ್ನು ಮೋಸಮಾಡಲಾರರು. ಕೇಂದ್ರದ ನಿಯಮಗಳಲ್ಲಿ 2016ರ ಡಿಸೆಂಬರಿನಲ್ಲಿ ಗೊತ್ತುಮಾಡಿದ ದರ ಹೀಗಿತ್ತು: ಒಂದು ಬಗೆಯ ವಾಹನದ ಎಲ್.ಎಲ್.ಗೆ 150 ರೂಪಾಯಿ, ಅದರ ಪರೀಕ್ಷೆಗೆ 50, ಗಾಡಿ ನಡೆಸುವ ಪರೀಕ್ಷೆಗೆ 300, ಲೈಸೆನ್ಸಿಗೆ 200. ಸೇವಾ ಶುಲ್ಕಗಳು ಇದಕ್ಕೆ ಕೂಡುತ್ತವೆ. ಅರ್ಜಿ ತುಂಬುವಾಗ ಪರದೆಯ ಮೇಲೆ ಕಾಣುವ ಮೊತ್ತವೇ ಕಟ್ಟಬೇಕಾದ ಮೊತ್ತ. ಕಟ್ಟಿದ ಹಣಕ್ಕೆ ರಶೀದಿಯಿರುತ್ತದೆ. ರಶೀದಿಯಿಲ್ಲದ ಹಣ ಸರ್ಕಾರಕ್ಕೆ ಹೋಗುವುದಿಲ್ಲ.

ಟ್ರ್ಯಾಕ್ಟರಿಗೆ ಯಾವ ಲೈಸೆನ್ಸು?

ಈ ಪ್ರಶ್ನೆಯನ್ನು ಬಹಳ ಜನ ಕೇಳುತ್ತಾರೆ. ಕಾಯಿದೆಯಲ್ಲಿ ಲಘು ಮೋಟಾರು ವಾಹನ, ಅಂದರೆ ಎಲ್.ಎಂ.ವಿ. ಎಂಬ ಮಾತಿಗೆ ಕೊಟ್ಟಿರುವ ಅರ್ಥದಲ್ಲೇ ಟ್ರ್ಯಾಕ್ಟರು ಸೇರಿದೆ. ಬರಿಯ ತೂಕ 7500 ಕಿಲೋಗ್ರಾಂ ಮೀರಿರಬಾರದು, ಅಷ್ಟೆ. ನಮ್ಮ ಉಳುಮೆಯ ಟ್ರ್ಯಾಕ್ಟರುಗಳು ಇದಕ್ಕಿಂತ ಬಹಳ ಹಗುರ. ಎಲ್.ಎಂ.ವಿ. ಲೈಸೆನ್ಸುಳ್ಳವರು 7500 ಕಿಲೋ ಮೀರದ ಸಾಗಾಣಿಕೆ ವಾಹನವನ್ನೂ ನಡೆಸಬಹುದೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತು. 2024ರ ನವೆಂಬರಿನಲ್ಲಿ ಐವರು ನ್ಯಾಯಾಧೀಶರ ಪೀಠವು ಅದನ್ನೇ ಎತ್ತಿಹಿಡಿಯಿತು. ಆದರೆ ಬೈಕಿನ ಲೈಸೆನ್ಸು ಮಾತ್ರ ಇರುವವರು ಟ್ರ್ಯಾಕ್ಟರು ನಡೆಸುವಂತಿಲ್ಲ. ತಮ್ಮ ಕಾರ್ಡನ್ನು ಮನೆಗೆ ಹೋಗಿ ನೋಡಿರಿ. ಯಾವ ವಾಹನಕ್ಕೆ ಎಂಬುದು ಅದರಲ್ಲಿ ಅಚ್ಚಾಗಿರುತ್ತದೆ. ಬೇಕಾದ ಬಗೆ ಇಲ್ಲದಿದ್ದರೆ ಇರುವ ಲೈಸೆನ್ಸಿಗೇ ಸೇರಿಸಿಕೊಳ್ಳಬೇಕು. ಒಬ್ಬನಿಗೆ ಎರಡು ಲೈಸೆನ್ಸು ಇರಬಾರದು.

ನವೀಕರಣ

ಲೈಸೆನ್ಸು ಸಾಯುವವರೆಗೆ ನಡೆಯುವ ಪಟ್ಟಾ ಅಲ್ಲ. ಸ್ವಂತ ವಾಹನದ ಲೈಸೆನ್ಸಿಗೆ ಈಗಿನ ಕಾಯಿದೆಯಂತೆ ಅವಧಿ ಹೀಗಿದೆ. ಮೂವತ್ತು ತುಂಬದವನು ಪಡೆದರೆ ನಲವತ್ತು ತುಂಬುವವರೆಗೆ. ಮೂವತ್ತರಿಂದ ಐವತ್ತರೊಳಗಿನವನಿಗೆ ಹತ್ತು ವರ್ಷ. ಐವತ್ತರಿಂದ ಐವತ್ತೈದರೊಳಗಿನವನಿಗೆ ಅರವತ್ತು ತುಂಬುವವರೆಗೆ. ಐವತ್ತೈದು ದಾಟಿದವನಿಗೆ ಐದೈದು ವರ್ಷ. 2019ಕ್ಕೆ ಮೊದಲು ಪಡೆದವರಿಗೆ ಹಳೆಯ ಲೆಕ್ಕವಿರುತ್ತದೆ. ಆದ್ದರಿಂದ ಕಾರ್ಡಿನ ಮೇಲೆ ಅಚ್ಚಾಗಿರುವ ದಿನಾಂಕವನ್ನೇ ನಂಬಬೇಕು.

ಅವಧಿ ಮುಗಿಯುವ ಒಂದು ವರ್ಷ ಮೊದಲಿನಿಂದ, ಮುಗಿದ ಮೇಲೆ ಒಂದು ವರ್ಷದೊಳಗೆ, ನವೀಕರಣಕ್ಕೆ ಅರ್ಜಿ ಹಾಕಬಹುದು. ಆ ವರ್ಷವೂ ದಾಟಿದರೆ ಮತ್ತೆ ಗಾಡಿ ನಡೆಸಿ ತೋರಿಸಬೇಕು. ಇಲ್ಲೊಂದು ತಪ್ಪು ತಿಳಿವಳಿಕೆ ಹರಡಿದೆ. ಒಂದು ವರ್ಷ ಗಡುವಿದೆಯಲ್ಲ, ಅಷ್ಟರವರೆಗೆ ಗಾಡಿ ಹೊಡೆಯಬಹುದು ಎನ್ನುತ್ತಾರೆ. ಹಾಗಲ್ಲ. ಅದು ಅರ್ಜಿ ಹಾಕಲು ಇರುವ ಗಡುವು, ಗಾಡಿ ಹೊಡೆಯಲು ಇರುವ ಗಡುವಲ್ಲ. ಹಿಂದೆ ಅವಧಿ ಮುಗಿದ ಮೇಲೂ ಮೂವತ್ತು ದಿನ ಲೈಸೆನ್ಸು ನಡೆಯುತ್ತಿತ್ತು. 2019ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಅವಧಿ ಮುಗಿದ ಮರುದಿನ ಅಪಘಾತವಾದರೆ ಲೈಸೆನ್ಸಿಲ್ಲದವನ ಸಾಲಿಗೇ ಸೇರಬೇಕಾದೀತು. ನಲವತ್ತು ದಾಟಿದವರು ನವೀಕರಣಕ್ಕೂ ವೈದ್ಯರ ಪತ್ರ ಕೊಡಬೇಕು. ಅದರ ನೆವದಲ್ಲಿ ಕಣ್ಣು ಪರೀಕ್ಷೆಯಾದರೆ ಒಳ್ಳೆಯದೇ. ರಾತ್ರಿ ಹೊತ್ತು ಎದುರು ಗಾಡಿಯ ಬೆಳಕು ಕಣ್ಣು ಕುಕ್ಕುವುದೆಂದು ಹೇಳುವವರು ನಮ್ಮಲ್ಲಿ ಬಹಳ ಜನರಿದ್ದಾರೆ.

ಕಳೆದುಹೋದರೆ

ಉಳುವಾಗ ಜೇಬಿನಿಂದ ಬಿದ್ದು ಮಣ್ಣಿನಲ್ಲಿ ಸೇರಿಹೋದ ಕಾರ್ಡು, ಅಂಗಿಯ ಜೊತೆ ಒಗೆತಕ್ಕೆ ಹೋದ ಕಾರ್ಡು, ಇವಕ್ಕೆ ಲೆಕ್ಕವಿಲ್ಲ. ಹೆದರಬೇಕಾಗಿಲ್ಲ. ಕಳೆದದ್ದಾದರೆ ಪೋಲೀಸರಿಗೆ ತಿಳಿಸಿ ಅದರ ಸ್ವೀಕೃತಿ ಪಡೆಯಿರಿ. ನಂತರ ಸಾರಥಿಯಲ್ಲೇ ನಕಲು ಪ್ರತಿಗೆ ಅರ್ಜಿ ಹಾಕಬೇಕು. ಹೊಸದಾಗಿ ಪರೀಕ್ಷೆಯಿಲ್ಲ. ಸಂಖ್ಯೆಯೂ ಅವಧಿಯೂ ಹಳೆಯದರದ್ದೇ. ಹಳೆಯ ಕಾರ್ಡು ಮುಂದೆ ಸಿಕ್ಕಿದರೆ ಅದನ್ನು ಕಛೇರಿಗೆ ಒಪ್ಪಿಸಬೇಕು.

ಆದ್ದರಿಂದ ಸಂಖ್ಯೆಯನ್ನು ಬೇರೆ ಕಡೆ ಬರೆದಿಡುವುದು ಮುಖ್ಯ. ನಮ್ಮ ರಾಜ್ಯದ ಲೈಸೆನ್ಸು ಸಂಖ್ಯೆ 'ಕೆಎ' ಎಂದು ಆರಂಭವಾಗುತ್ತದೆ, ನಂತರ ಕಛೇರಿಯ ಅಂಕೆ. ಮಂಡ್ಯಕ್ಕೆ 11, ಹಾಸನಕ್ಕೆ 13, ತುಮಕೂರಿಗೆ 06. ಆಮೇಲೆ ಕೊಟ್ಟ ವರ್ಷ, ಕೊನೆಗೆ ಏಳು ಅಂಕೆಗಳು. ಸಂಖ್ಯೆಯನ್ನೂ ಹುಟ್ಟಿದ ದಿನಾಂಕವನ್ನೂ ಪರಿವಾಹನ್ ಜಾಲತಾಣದಲ್ಲಿ ಕೊಟ್ಟರೆ ಲೈಸೆನ್ಸು ನಿಜವೇ, ಚಾಲ್ತಿಯಲ್ಲಿದೆಯೆ ಎಂಬುದು ಕಾಣುತ್ತದೆ. ದಲ್ಲಾಳಿಯ ಕೈಯಲ್ಲಿ ಮಾಡಿಸಿದವರು ಈ ಪರೀಕ್ಷೆಯನ್ನು ಇಂದೇ ಮಾಡಿಕೊಳ್ಳಲಿ. ಕಾರ್ಡು ಹೊಳೆಯುತ್ತದೆಂದ ಮಾತ್ರಕ್ಕೆ ಅಸಲಿಯಾಗುವುದಿಲ್ಲ.

2018ರ ನವೆಂಬರಿನಿಂದ ಡಿಜಿಲಾಕರಿನಲ್ಲಿರುವ ಲೈಸೆನ್ಸನ್ನು ಪೋಲೀಸರಿಗೆ ತೋರಿಸಲು ನಿಯಮದಲ್ಲೇ ಅವಕಾಶವಾಗಿದೆ. ಆದರೆ ಕಾರ್ಡಿನ ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟುಕೊಂಡದ್ದು ಅದಕ್ಕೆ ಸಮವಲ್ಲ.

ಮನೆಯ ಇತರ ಚೀಟಿಗಳು

ಇನ್ನು ಲೈಸೆನ್ಸು ಬೇಕಿಲ್ಲದವರಿಗೂ ಬೇಕಾದ ಮೂರು ಗುರುತುಗಳ ಮಾತು ಹೇಳಿ ಮುಗಿಸುತ್ತೇನೆ.

ಮೊದಲನೆಯದು ಆಧಾರ್. ಮೊದಲ ಆಧಾರ್ ಸಂಖ್ಯೆಯನ್ನು 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ನಂದುರಬಾರ್ ಜಿಲ್ಲೆಯ ತೆಂಭ್ಲಿ ಎಂಬ ಹಳ್ಳಿಯಲ್ಲಿ ಕೊಡಲಾಯಿತು. ಹಳ್ಳಿಯಲ್ಲಿ ಆರಂಭವಾದ ಚೀಟಿ ಹಳ್ಳಿಯವರಿಗೇ ತೊಡಕಾಗಬಾರದು. ಆದರೆ ಗುದ್ದಲಿ, ಕುಡುಗೋಲು ಹಿಡಿದ ಕೈಯ ಬೆರಳ ಗೆರೆ ಸವೆದು ಯಂತ್ರಕ್ಕೆ ಸಿಗದೆ ಹೋಗುತ್ತದೆ. ದುಡಿಮೆಯ ಗುರುತೇ ಗುರುತಿಗೆ ಅಡ್ಡಿಯಾದಂತೆ! ಇದಕ್ಕೆ ಉಪಾಯವುಂಟು. ಆಧಾರ್ ಕೇಂದ್ರದಲ್ಲಿ ಬೆರಳು, ಕಣ್ಣುಗಳ ಗುರುತನ್ನು ಮತ್ತೆ ಹೊಸದಾಗಿ ಕೊಡಬಹುದು. ಮೊಬೈಲ್ ಸಂಖ್ಯೆಯನ್ನು ಸೇರಿಸಿಟ್ಟರೆ ಓ.ಟಿ.ಪಿ.ಯಿಂದಲೂ ಅನೇಕ ಕೆಲಸಗಳಾಗುತ್ತವೆ. ಚೀಟಿ ಕಳೆದರೆ ಅದೇ ಮೊಬೈಲಿನ ಮೂಲಕ ಇ-ಆಧಾರ್ ಇಳಿಸಿಕೊಳ್ಳಬಹುದು. ಮಕ್ಕಳಿಗೆ 5 ವರ್ಷ ತುಂಬಿದಾಗ ಒಮ್ಮೆ, 15 ತುಂಬಿದಾಗ ಇನ್ನೊಮ್ಮೆ ಬೆರಳ ಗುರುತು ಕೊಡಿಸಲೇಬೇಕು. ಆಧಾರಿಗೆ ಸಂಬಂಧಿಸಿದ ದೂರಿಗೆ 1947 ಸಂಖ್ಯೆಗೆ ಕರೆ ಮಾಡಬಹುದು. ಓ.ಟಿ.ಪಿ.ಯನ್ನು ಮಾತ್ರ ಯಾರು ಕೇಳಿದರೂ ಫೋನಿನಲ್ಲಿ ಹೇಳಬಾರದು.

ಎರಡನೆಯದು ಮತದಾರರ ಚೀಟಿ. ಹೊಸ ಹೆಸರಿಗೆ 6ನೆಯ ನಮೂನೆ. ತಿದ್ದುಪಡಿ, ಊರು ಬದಲಾವಣೆ, ಕಳೆದ ಚೀಟಿಗೆ ಬದಲಿ, ಈ ಮೂರಕ್ಕೂ 8ನೆಯ ನಮೂನೆ. ಹದಿನೇಳು ತುಂಬಿದವರು ಮುಂಗಡವಾಗಿ ಅರ್ಜಿ ಕೊಡಬಹುದು. ಚೀಟಿ ಕೈಯಲ್ಲಿದ್ದರೆ ಸಾಲದು, ಪಟ್ಟಿಯಲ್ಲಿ ಹೆಸರಿರಬೇಕು. ಮದುವೆಯಾಗಿ ಬಂದ ಸೊಸೆಯ ಹೆಸರು ತವರಿನಲ್ಲಿಯೇ ಉಳಿದಿರುತ್ತದೆ. ಅತ್ತೆಯವರು ಇದನ್ನು ವಿಚಾರಿಸಬೇಕು. ಮತಗಟ್ಟೆ ಅಧಿಕಾರಿಯನ್ನು ಕಾಣಬಹುದು, 1950 ಸಂಖ್ಯೆಗೂ ಕರೆ ಮಾಡಬಹುದು.

ಮೂರನೆಯದು ನಮ್ಮ ಇಲಾಖೆಯದೇ: ಫ್ರೂಟ್ಸ್ ಗುರುತಿನ ಸಂಖ್ಯೆ, ಎಫ್.ಐ.ಡಿ. ಇದು ಕರ್ನಾಟಕದಲ್ಲಿ ರೈತನಿಗಿರುವ ಗುರುತು. ಬಿತ್ತನೆ ಬೀಜದ ಸಹಾಯಧನ, ಬೆಂಬಲ ಬೆಲೆಯ ಖರೀದಿ, ಬೆಳೆ ಹಾನಿಯ ಪರಿಹಾರ ಇದರ ಮೇಲೆ ನಿಂತಿವೆ. 2023ರ ಬರದ ಪರಿಹಾರಕ್ಕೂ ಇದೇ ದಾಖಲೆಯನ್ನು ಆಧರಿಸಲಾಯಿತು. ಎಫ್.ಐ.ಡಿ. ಇದ್ದರೆ ಸಾಲದು. ತಮ್ಮ ಎಲ್ಲ ಸರ್ವೆ ನಂಬರುಗಳೂ ಅದರಲ್ಲಿ ಸೇರಿರಬೇಕು. ನಾಲ್ಕು ಎಕರೆ ಇದ್ದು ಒಂದು ಎಕರೆ ಮಾತ್ರ ಸೇರಿದ್ದರೆ, ಸರ್ಕಾರದ ಲೆಕ್ಕದಲ್ಲಿ ತಾವು ಒಂದು ಎಕರೆಯ ರೈತ. ಆಧಾರ್, ಬ್ಯಾಂಕ್ ಪಾಸ್ ಪುಸ್ತಕ, ಪಹಣಿಗಳನ್ನು ತೆಗೆದುಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಬಂದರೆ ಆ ಕೆಲಸವಾಗುತ್ತದೆ. ತಂದೆಯ ಹೆಸರಿನಲ್ಲಿಯೇ ಪಹಣಿ ಉಳಿದಿದ್ದರೆ ಮೊದಲು ಪೌತಿ ಖಾತೆ ಮಾಡಿಸಿಕೊಳ್ಳಬೇಕು.

ಒಂದು ಎಚ್ಚರಿಕೆ. ಎಲ್ಲ ಚೀಟಿಗಳಲ್ಲಿಯೂ ಹೆಸರೂ ಹುಟ್ಟಿದ ದಿನಾಂಕವೂ ಒಂದೇ ರೀತಿ ಇರಲಿ. ಒಂದರಲ್ಲಿ ತಿಮ್ಮೇಗೌಡ, ಇನ್ನೊಂದರಲ್ಲಿ ತಿಮ್ಮಯ್ಯ ಎಂದಿದ್ದರೆ ಯಂತ್ರಕ್ಕೆ ಅವರಿಬ್ಬರೂ ಬೇರೆ ಬೇರೆ. ಊರವರು ಬಲ್ಲರು, ಯಂತ್ರ ಬಲ್ಲದೆ?

ಇಂದೇ ಮಾಡಬೇಕಾದ್ದು

ಮನೆಗೆ ಹೋದ ಕೂಡಲೆ ಒಂದು ನೋಟ್ ಪುಸ್ತಕ ತೆಗೆಯಿರಿ. ಮನೆಯ ಪ್ರತಿಯೊಬ್ಬರ ಹೆಸರಿಗೂ ಒಂದು ಪುಟ. ಲೈಸೆನ್ಸಿನ ಸಂಖ್ಯೆ, ಅದು ಮುಗಿಯುವ ದಿನ, ಟ್ರ್ಯಾಕ್ಟರಿನ ವಿಮೆ ಮುಗಿಯುವ ದಿನ, ಮತದಾರರ ಚೀಟಿಯ ಸಂಖ್ಯೆ, ಎಫ್.ಐ.ಡಿ., ಇಷ್ಟನ್ನೂ ಬರೆದು ಪೆಟ್ಟಿಗೆಯಲ್ಲಿಡಿರಿ. ಮುಗಿಯುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿಯೂ ಗುರುತು ಹಾಕಿರಿ. ಹಸು ಗಬ್ಬವಾದ ದಿನವನ್ನು ಗೋಡೆಯ ಮೇಲೆ ಬರೆಯುವವರು ನಾವು. ಇದನ್ನೂ ಬರೆಯಲು ಕಷ್ಟವಿಲ್ಲ.

ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆ ಎಲ್ಲರಿಗೂ ಗೊತ್ತು. ಸುಗ್ಗಿ ಆರಂಭವಾದ ಮೇಲೆ ಆರ್.ಟಿ.ಓ. ಕಛೇರಿಗೆ ಹೋಗಲು ಯಾರಿಗೂ ಪುರುಸೊತ್ತಿರುವುದಿಲ್ಲ. ಉಳುಮೆ ಮುಗಿದು ಕಟಾವಿಗೆ ಕಾಯುವ ತಿಂಗಳುಗಳು ಈ ಕೆಲಸಕ್ಕೆ ತಕ್ಕ ಕಾಲ. ಯುವಕ ಸಂಘದವರು ಲೈಸೆನ್ಸಿಲ್ಲದವರ ಪಟ್ಟಿ ಮಾಡಿಕೊಟ್ಟರೆ, ಒಂದೇ ದಿನ ಹತ್ತು ಹದಿನೈದು ಜನರ ಅರ್ಜಿಗಳನ್ನು ಪಂಚಾಯಿತಿ ಕಛೇರಿಯಲ್ಲಿ ಕುಳಿತು ತುಂಬಿಸಲು ನಾನು ಸಿದ್ಧನಿದ್ದೇನೆ. ಅದಕ್ಕೆ ದಲ್ಲಾಳಿ ಬೇಕಾಗಿಲ್ಲ, ಕಾಣಿಕೆಯೂ ಬೇಕಾಗಿಲ್ಲ. ಪಟ್ಟಿಯಲ್ಲಿ ಮೊದಲ ಹೆಸರು ಯಾರದು?